ಗಾಳಿ ನೋಡುವ ಕೆಲಸ

ನೆರೆ ಬಂದರೆ ಬೇಕಾಗುತ್ತದೆಂದು ಅಗ್ನಿಶಾಮಕ ಠಾಣೆಯಲ್ಲಿ ಒಂದು ರಬ್ಬರ್ ದೋಣಿ ಇಟ್ಟಿದ್ದರು. ಬೆಳಗ್ಗೆ ತುಂಬಿದ ಗಾಳಿ ಸಂಜೆಗೆ ಇಳಿದುಹೋಗುತ್ತಿತ್ತು. ಕಾಲಲ್ಲಿ ಪಂಪು ತುಳಿದೂ ತುಳಿದೂ ಫೈರ್‌ಮನ್ ಕೆಂಪಾಚಾರಿಯ ಮೀನಖಂಡ ಗಂಟು ಕಟ್ಟಿತ್ತು. ಇಡೀ ದೋಣಿಗೆ ಸೋಪಿನ ನೀರು ಬಳಿದು ನೋಡಿದ. ದರಿದ್ರದ್ದು, ಒಂದೇ ಒಂದು ಗುಳ್ಳೆಯೂ ಏಳಲಿಲ್ಲ.

“ಎಲ್ಲಿಗ್ರೀ ಹೋಗುತ್ತೆ ಗಾಳಿ? ನೀವೇನು ಕುಡೀತೀರಾ?” ಸಾಹೇಬರು ರೇಗಿದರು. “ಅಲ್ಲಿ ಹೊಳೆ ಏರ್ತಾ ಇದೆ. ಗಂಟೆಗೊಂದ್ಸಲ ದೋಣಿಗೆ ಗೇಜು ಹಾಕಿ ಗಾಳಿ ಎಷ್ಟಿದೆ ನೋಡಿ ಅಂದಿದ್ನಲ್ಲ?”

“ನೋಡ್ತಾನೇ ಇದೀವಿ ಸಾರ್.”

ಶನಿವಾರ ಸಂಜೆ ಸಾಹೇಬರು ಗೇಜನ್ನು ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಜೇಬಿನಲ್ಲೇ ಮರೆತು ಭಾವಮೈದುನನ ಮದುವೆಗೆ ಹೋದರು. ಕೆಂಪಾಚಾರಿ ಗಾಳಿ ತುಂಬಿಟ್ಟು ಸುಮ್ಮನಾದ. ಸೋಮವಾರ ಬೆಳಗ್ಗೆ ಬಂದು ಮುಟ್ಟಿದರೆ, ದೋಣಿ ಕಾಯಿಸಿದ ತಮಟೆಯ ಹಾಗೆ ಬಿಗಿಯಾಗಿ ಕೂತಿತ್ತು!

ಅವನಿಗೆ ಆಗ ಹೊಳೆಯಿತು. ಗೇಜಿನ ಮೂತಿಯನ್ನು ದೋಣಿಯ ವಾಲ್ವಿಗೆ ಒತ್ತಿದಾಗಲೆಲ್ಲ ‘ಪುಸ್’ ಎಂದು ಒಂದಿಷ್ಟು ಗಾಳಿ ಆಚೆ ಹೋಗುತ್ತಿತ್ತು. ಗಂಟೆಗೊಂದು ‘ಪುಸ್’ ಅಂದರೆ ಸಂಜೆಗೆ ಇನ್ನೇನು ಉಳಿದೀತು?

ಸಾಹೇಬರು ಜೀಪಿನಿಂದ ಇಳಿಯುವ ಮೊದಲೇ ಓಡಿದ. “ಸಾರ್, ದೋಣಿ ತೂತಾಗಿಲ್ಲ. ನಾವು ನೋಡೋದ್ರಿಂದಲೇ ಗಾಳಿ ಹೋಗ್ತಿದ್ದದ್ದು. ನಿನ್ನೆ ಇಡೀ ದಿನ ಯಾರೂ ನೋಡಿಲ್ಲ, ಒಂಚೂರೂ ಇಳಿದಿಲ್ಲ.”

ಸಾಹೇಬರ ಮುಖ ಕೆಂಪಾಯಿತು.

“ಇಡೀ ದಿನ ಯಾರೂ ನೋಡಿಲ್ವಾ?” ಎನ್ನುತ್ತಾ ಬೀರು ತೆಗೆದು ಗೇಜನ್ನು ಅವನ ಕೈಗೆ ಹಾಕಿದರು. “ಇನ್ಮೇಲೆ ಅರ್ಧ ಗಂಟೆಗೊಂದ್ಸಲ ನೋಡ್ರೀ.”