ಟಿವಿಯಲ್ಲಿ ಬಂದ ವರ

"ಅಂಗೈಯಗಲದ ಪರದೇಲಿ ಗಂಡು ನೋಡಿ ಮೊಮ್ಮಗಳನ್ನ ಕೊಡೋಕಾಗುತ್ತೇನೇ? ದೊಡ್ಡದಾಗಿ ತೋರಿಸು," ಎಂದರು ಅಜ್ಜಿ.

ನಾನೇ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದೆ. ಕೇಬಲ್ ಗಿಡ್ಡವಾಗಿತ್ತು. ಹಾಗಾಗಿ ಲ್ಯಾಪ್‌ಟಾಪ್ ಪಕ್ಕದ ಸ್ಟೂಲಿನ ಮೇಲೆ, ಅಡುಗೆಮನೆಯ ಬಾಗಿಲಿಗೆ ಮುಖಮಾಡಿ ಕೂತಿತು. ಅಪ್ಪ, ಅಮ್ಮ, ರೇಷ್ಮೆ ಸೀರೆಯ ಅಜ್ಜಿ ಟಿವಿಯೆದುರು ಸಾಲಾಗಿ ಕೂತರು.

"ಕರೆಯೋವರೆಗೂ ಒಳಗಿರು. ಹೋದ ಸಲದ ಹಾಗೆ ಚೆಲ್ಲುಚೆಲ್ಲಾಗಿ ಆಡಿ ಕೆಡಿಸ್ಕೋಬೇಡ. ಗಂಭೀರವಾಗಿರು," ಎಂದು ಅಜ್ಜಿ ನನ್ನನ್ನು ಎಚ್ಚರಿಸಿದರು.

ಕೆಡಿಸಿಕೊಳ್ಳುವ ಮನಸ್ಸು ನನಗೂ ಇರಲಿಲ್ಲ. ಫೋಟೋದಲ್ಲೇ ಹುಡುಗ ಹಿಡಿಸಿಬಿಟ್ಟಿದ್ದ. ವಿಡಿಯೋ ಕಾಲ್ ಹಚ್ಚಿ ಒಳಗೋಡಿದೆ.

"ಆಹಾ, ಮೂಗಿನ ಪಕ್ಕದ ಮಚ್ಚೆನೂ ಕಾಣುತ್ತೆ!" ಎಂದು ಅಜ್ಜಿ ಹಿಗ್ಗಿದ್ದು ಕೇಳಿಸಿತು.

ಅಜ್ಜಿಯ ಕಥೆಗಳ ರಾಜಕುಮಾರನ ಹಾಗೆ ಅವನು ಕುದುರೆಯಿಂದ ಇಳಿಯುವುದನ್ನು ನೆನೆಯುತ್ತಾ ಬಾಣಲೆಯ ಕೇಸರಿಬಾತಿಗೆ ಸೌಟು ಹಾಕಿದೆ. ಒಂದು ಸೌಟು ತಿಂದೆ, ಇನ್ನೊಂದು ತಿಂದೆ. ಆಮೇಲೆ ಸೌಟನ್ನೇ ಕತ್ತಿಯ ಹಾಗೆ ಬೀಸಿ, ದಾರಿಗಡ್ಡ ನಿಂತಿದ್ದ ರಾಕ್ಷಸನನ್ನೂ ಕೊಂದು, ಬೆರಳು ನೆಕ್ಕಿಕೊಂಡೆ.

ಹೊರಗೆ ಅಜ್ಜಿ ಕೇಳುತ್ತಿದ್ದರು: "ಏನಪ್ಪಾ, ಆಗಿಂದ ನಗ್ತಾನೇ ಇದೀಯ? ನಮ್ಮ ಹುಡುಗಿ ಮಾತ್ರ ಬಲು ಗಂಭೀರ. ಕರೀಲಾ?"

ಟಿವಿಯಿಂದ ಹುಡುಗನ ದನಿ ಬಂತು: "ಅವಸರ ಬೇಡ ಅಜ್ಜಿ. ನಮಗಿಲ್ಲಿ ನಿಮ್ಮ ಅಡುಗೆಮನೆ ಒಂದೇ ಕಾಣ್ತಿರೋದು. ಅವರು ಬಾಣಲೆ ಖಾಲಿ ಮಾಡ್ಕೊಂಡೇ ಬರ್ಲಿ, ನಂಗಂತೂ ಒಪ್ಪಿಗೆ."