ಮುಂದಿನ ಎಡ ಸೀಟು

"ಹಿಂದೆ ಕೂತ್ಕೊಳ್ಳಿ ಅತ್ತೆ, ಕಾಲು ಚಾಚ್ಕೊಂಡು ಹಾಯಾಗಿ ಬರಬಹುದು," ಎನ್ನುತ್ತ ಅಳಿಯ ಕಾರಿನ ಹಿಂಬಾಗಿಲು ತೆರೆದ. ಅತ್ತೆ ಸೆರಗು ಎಳೆದುಕೊಂಡು ಹತ್ತಿ ಕೂತರು. ಕಾಲು ಚಾಚುವುದಿರಲಿ, ಮಡಚಿ ಕೂರುವುದಕ್ಕೂ ಅಲ್ಲಿ ಜಾಗ ಸಾಲದು ಎಂಬುದು ಇಬ್ಬರಿಗೂ ಗೊತ್ತಿತ್ತು.

ಮೂರು ತಿಂಗಳ ಹಿಂದೆ ಈ ಹಳೆಯ ಕಾರು ಮನೆಗೆ ಬಂದಾಗ ಮುಂದಿನ ಎಡ ಸೀಟು ಅವರದೇ ಆಗಿತ್ತು. ಅಂಗಡಿಗಳ ಬೋರ್ಡು ಗಟ್ಟಿಯಾಗಿ ಓದುತ್ತ, ದಾರಿಹೋಕರ ನಡಿಗೆಗೆಲ್ಲ ಅಂಕ ಕೊಡುತ್ತ ಹಿಗ್ಗುತ್ತಿದ್ದರು. ಆಮೇಲೆ ರಸ್ತೆಯ ಉಬ್ಬು ಬಂದಾಗಲೆಲ್ಲ ಎಡಚಕ್ರದ ಕಡೆಯಿಂದ ಕಟಕ್ ಎಂಬ ಸದ್ದು ಶುರುವಾಯಿತು. ಅಳಿಯ ಗಡಿಯಾರ ರಿಪೇರಿಯವನು. ಯಂತ್ರದ ಕಾಯಿಲೆಯನ್ನು ಕಿವಿಯಿಂದಲೇ ಹಿಡಿಯುತ್ತೇನೆಂಬ ಜಂಬ. ಮೆಕ್ಯಾನಿಕ್ಕಿನ ಹತ್ತಿರ ಹೋಗದೆ ತಾನೇ ಪರೀಕ್ಷೆಗಿಳಿದ. ಒಂದೇ ಉಬ್ಬಿನ ಮೇಲೆ ಅತ್ತೆಯನ್ನು ಮುಂದೆ ಕೂರಿಸಿ ಮೂರು ಸಲ, ಕಡ್ಡಿಯಂತಿದ್ದ ಹೆಂಡತಿಯನ್ನು ಕೂರಿಸಿ ಮೂರು ಸಲ ಓಡಿಸಿದ. ಹೆಂಡತಿ ಕೂತಾಗ ಕಾರು ಗಪ್‌ಚುಪ್. "ಕಾರಿಗೇನೂ ಆಗಿಲ್ಲ ಕಣೇ, ಭಾರ ಜಾಸ್ತಿ ಅಷ್ಟೆ," ಎಂದು ಅವನು ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು ಪಕ್ಕದ ಕೋಣೆಗೆ ಚೆನ್ನಾಗಿಯೇ ಕೇಳಿಸಿತ್ತು. ಅಂದಿನಿಂದ ಅತ್ತೆ ರಾತ್ರಿಯ ಊಟ ಬಿಟ್ಟಿದ್ದರು. ಮನಸ್ಸಿನಲ್ಲೇ ತುಂಬ ನೊಂದಿದ್ದರು.

ಇನ್ನೇನು ಕಾರು ಹೊರಡಬೇಕು, ಗೇಟಿನ ಬಳಿ ಒಬ್ಬರು ಏದುಸಿರು ಬಿಡುತ್ತ ಕೈ ಅಡ್ಡ ಹಿಡಿದರು. ಕಾರು ಮಾರಿದ್ದ ನಿವೃತ್ತ ಮೇಷ್ಟ್ರು. ಕಾರು ಕಂಪನಿಯ ಪುಸ್ತಕದಲ್ಲಿ ಇನ್ನೂ ಅವರ ಹೆಸರೇ ಇದ್ದುದರಿಂದ ಕಂಪನಿ ಹಾಕಿದ ಕಾಗದ ಅವರ ಮನೆಗೆ ಹೋಗಿತ್ತು. ಈ ಮಾದರಿಯ ಕಾರುಗಳಲ್ಲಿ ಮುಂದಿನ ಎಡಚಕ್ರವನ್ನು ಹಿಡಿದಿಡುವ ಕಬ್ಬಿಣದ ತೋಳಿನ ಬೆಸುಗೆ ಸರಿಯಿಲ್ಲವಂತೆ. ಎಲ್ಲವನ್ನೂ ವಾಪಸು ಕರೆಸಿ ಬಿಟ್ಟಿಯಾಗಿ ಬದಲಿಸಿಕೊಡುತ್ತಾರಂತೆ. "ಎರಡು ಬಸ್ ಬದಲಾಯಿಸಿ ಬಂದೆ," ಎಂದರು ಮೇಷ್ಟ್ರು. "ಸಂಸಾರಸ್ಥರು ಓಡಾಡೋ ಗಾಡಿ, ಫೋನಲ್ಲಿ ಹೇಳಿ ಸುಮ್ಮನಿರೋಕೆ ಮನಸ್ಸಾಗ್ಲಿಲ್ಲ."

ತಿರುಗಾಟ ಅಲ್ಲಿಗೇ ನಿಂತಿತು. ಮರುದಿನ ಕಂಪನಿಯವರೇ ಬಂದು ಕಾರನ್ನು ಎಳೆದೊಯ್ದರು. ಸಂಜೆ ಮೂವರೂ ವರ್ಕ್‌ಶಾಪಿಗೆ ಹೋದಾಗ ಮೆಕ್ಯಾನಿಕ್ ಬಿಚ್ಚಿದ್ದ ಹಳೆಯ ತೋಳನ್ನು ತಂದು ತೋರಿಸಿದ. ಅದರಲ್ಲಿ ಕಿರುಬೆರಳುದ್ದದ ಬಿರುಕು. ಭಾರ ಬಿದ್ದಾಗಷ್ಟೇ ಅದು ಬಾಯಿ ತೆರೆಯುತ್ತಿತ್ತಂತೆ. ಒಂದು ದೊಡ್ಡ ಗುಂಡಿ ಸಿಕ್ಕಿದ್ದರೆ ಚಕ್ರ ಒಂದು ಕಡೆ, ಕಾರು ಒಂದು ಕಡೆ.

"ಎಷ್ಟೋ ದಿನದಿಂದ ಸದ್ದು ಮಾಡ್ತಿರ್ಬೇಕಲ್ಲ ಸಾರ್," ಎಂದ ಮೆಕ್ಯಾನಿಕ್, "ನಿಮಗೆ ಕೇಳಿಸ್ಲೇ ಇಲ್ವಾ?" ಅಳಿಯ ಕಿವಿ ಕೆರೆದುಕೊಂಡ.

ಹೊರಡುವಾಗ ಅವನು ಮುಂದಿನ ಎಡಬಾಗಿಲು ತೆರೆದು ಹಿಡಿದು ನಿಂತ. ಹೆಂಡತಿ ನಗು ನುಂಗಿಕೊಂಡು ಹಿಂದೆ ಹತ್ತಿದಳು. ಅತ್ತೆ ಮುಂದೆ ಒರಗಿ ಕೂತರು. ಉಬ್ಬು ಬಂತು, ಹೋಯಿತು, ಸದ್ದೇ ಇಲ್ಲ. ಅವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ತಪ್ಪಾಯ್ತು ಅತ್ತೆ," ಎಂದ ಅಳಿಯ, ರಸ್ತೆಯಿಂದ ಕಣ್ಣು ಕೀಳದೆ. "ನಮ್ಮದೊಂದೇ ಅಲ್ವಂತೆ, ನಲವತ್ತು ಸಾವಿರ ಕಾರಲ್ಲಿ ಇದೇ ದೋಷ ಇದೆಯಂತೆ."

ಅತ್ತೆ ಹಿಂದಿನ ಸೀಟಿನತ್ತ ಒಮ್ಮೆ ತಿರುಗಿ ನೋಡಿದರು.

"ಪಾಪ, ಅಷ್ಟೂ ಕಾರಲ್ಲಿ ಅತ್ತೆಯರು ಹಿಂದಿನ ಸೀಟಲ್ಲೇ ಕೂತಿರ್ತಾರಲ್ಲಪ್ಪ," ಎಂದರು. "ಅವರಿಗೆ ಕಾಗದ ಯಾರು ಹಾಕ್ತಾರೆ?"