ಮಂತ್ರಿಗಳ ಉಪಕಾರ

ಬಲ ಹೆಗಲಿಗೆ ಹೊಸ ದರ್ಜೆಯ ಪಟ್ಟಿ ತೊಡಿಸುತ್ತ ಮಂತ್ರಿಗಳು ಜನರಲ್ ಸಾಹೇಬರ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು: "ಹೋದ ತಿಂಗಳು ನಿಮ್ಮ ಮನೆಯವರು ಬಂದಿದ್ರು. ಪಾಪ, ತುಂಬಾ ಅತ್ರು. ಅವತ್ತೇ ಮಾತು ಕೊಟ್ಟಿದ್ದೆ. ನೋಡಿ, ಉಳಿಸ್ಕೊಂಡೆ."

ಎಡ ಹೆಗಲಿನ ಪಟ್ಟಿ ಸರಿಪಡಿಸುತ್ತಿದ್ದ ಸಾಹೇಬರ ಹೆಂಡತಿ ತಲೆ ತಗ್ಗಿಸಿದರು. ಅವರಿಗೂ ಆ ಮಾತು ಕೇಳಿಸಿತ್ತು. ಕ್ಯಾಮೆರಾದವನು ನಗಿ ಎಂದ. ಮೂವರೂ ನಕ್ಕರು.

ಕಾರಿನಲ್ಲಿ ಡ್ರೈವರ್ ಇದ್ದ. ಮನೆಗೆ ಬಂದು ಬೂಟು ಬಿಚ್ಚುತ್ತ ಸಾಹೇಬರು ಕೇಳಿದ್ದು ಒಂದೇ, ಯಾಕೆ ಹೋದೆ ಅಂತ. ಆಕೆ ಗೋಡೆಗೆ ಒರಗಿ ನಿಂತೇ ಹೇಳಿದರು. ಬಡ್ತಿಯ ಆಯ್ಕೆ ಮಂಡಳಿ ಎರಡು ಸಲ ಸಾಹೇಬರನ್ನು ಕೈಬಿಟ್ಟು, ಅವರ ಕೈಕೆಳಗೆ ಪಳಗಿದವರನ್ನೇ ಮೇಲೇರಿಸಿತ್ತು. ಇನ್ನೊಂದು ಸಲ ತಪ್ಪಿದರೆ ನಿವೃತ್ತಿಯೇ. ಬಾಯಲ್ಲಿ "ಇರಲಿ ಬಿಡು" ಎನ್ನುತ್ತಿದ್ದ ಮನುಷ್ಯ ಊಟಕ್ಕೆ ಕೂತರೆ ಕೈ ಒಣಗಿದರೂ ಏಳುತ್ತಿರಲಿಲ್ಲ. ನಿನ್ನೆ ಮೊನ್ನೆಯವರಿಗೆ ಸೆಲ್ಯೂಟ್ ಹೊಡೆಯಬೇಕಾದೀತೆಂದು ಸಂಜೆ ತಿರುಗಾಡಲು ಹೋಗುವುದನ್ನೂ ಬಿಟ್ಟಿದ್ದರು.

"ನೀವು ಹಾಗೆ ಕರಗಿ ಹೋಗೋದನ್ನ ನೋಡೋಕಾಗ್ಲಿಲ್ಲ ರೀ. ಬೇಡೋ ಅವಮಾನ ನನಗೊಬ್ಬಳಿಗೇ ಇರಲಿ, ನಿಮಗೆ ಗೊತ್ತಾಗದೇ ಇರಲಿ ಅಂದ್ಕೊಂಡೆ."

ಸಾಹೇಬರು ಬೈಯಲಿಲ್ಲ. ಬೈದಿದ್ದರೆ ಆಕೆಗೆ ಹಗುರಾಗುತ್ತಿತ್ತೇನೋ.

ಸಂಜೆ, ಒಂದು ಕಾಲಕ್ಕೆ ಸಾಹೇಬರ ಮೇಲಧಿಕಾರಿಯಾಗಿದ್ದ ಹಳೆಯ ದಂಡನಾಯಕರು ಅಭಿನಂದಿಸಲು ಫೋನ್ ಮಾಡಿದರು. ನಿವೃತ್ತರಾದರೂ ಸೇನೆಯ ಒಳಗಿನ ಸುದ್ದಿಯೆಲ್ಲ ಅವರಿಗೆ ತಲುಪುತ್ತಿತ್ತು. ಈ ಸಲ ಮಂಡಳಿಯಲ್ಲಿ ಒಬ್ಬರೂ ಎದುರಾಡದೆ ಸಾಹೇಬರ ಹೆಸರನ್ನೇ ಒಪ್ಪಿದ್ದರಂತೆ. ಕಡತ ಮಾತ್ರ ಮಂತ್ರಿಗಳ ಮೇಜಿನ ಮೇಲೆ ಎರಡು ತಿಂಗಳು ಕೊಳೆಯಿತಂತೆ. "ಅವರ ರೀತಿಯೇ ಹಾಗಪ್ಪ. ಯಾರಾದ್ರೂ ಬಂದು ಕೈಮುಗೀಲಿ ಅಂತ ಕಾಯ್ತಾರೆ. ನೀನು ಹೋಗ್ಲಿಲ್ಲ ಅಲ್ವಾ, ನನಗದೇ ಹೆಮ್ಮೆ," ಎಂದರು ಮುದುಕರು. ಸಾಹೇಬರು ಅವರ ಆರೋಗ್ಯ ವಿಚಾರಿಸಿ ಫೋನ್ ಇಟ್ಟರು.

ಉಪಕಾರದ ಬಾಕಿ ಕೇಳಲು ಮಂತ್ರಿಗಳು ಬಹಳ ದಿನ ಕಾಯಲಿಲ್ಲ. ಮುಂದಿನ ವಾರ ಅವರ ಆಪ್ತ ಕಾರ್ಯದರ್ಶಿ ಮನೆಗೇ ಫೋನ್ ಮಾಡಿದ. ಕೆಲವು ವಾರಗಳ ಹಿಂದೆ ತಾಲೀಮಿನಲ್ಲಿ ಹೊಳೆ ದಾಟುವಾಗ ರಬ್ಬರ್ ಬಟ್ಟೆಯ ದೋಣಿಯ ತಳ ಬಿಟ್ಟುಕೊಂಡು ಸೈನಿಕರು ಮುಳುಗಿ ಸತ್ತಿದ್ದರು. ವಿಚಾರಣೆ ನಡೆಸಿದವರು ಸಾಹೇಬರೇ. ಆ ದೋಣಿಗಳನ್ನು ಪೂರೈಸಿದವನು ಮಂತ್ರಿಗಳ ಭಾವಮೈದುನ. ಹುಡುಗರು ಅತಿಯಾಗಿ ಭಾರ ಹೇರಿದ್ದರು ಎಂದು ವರದಿಯಲ್ಲಿ ಒಂದು ಸಾಲು ಬರೆದರೆ ಸಾಕು ಎಂದ ಕಾರ್ಯದರ್ಶಿ. ಹೆಣಗಳನ್ನು ದಡಕ್ಕೆ ಎಳೆದಾಗ ಸಾಹೇಬರು ಅಲ್ಲೇ ನಿಂತಿದ್ದರು. ತಳದ ಹೊಲಿಗೆ ಬಿಟ್ಟಿದ್ದನ್ನು ಕೈಯಾರೆ ಮುಟ್ಟಿ ನೋಡಿದ್ದರು. ಕಂಡದ್ದನ್ನು ಕಂಡ ಹಾಗೇ ಬರೆದು ಬೆಳಿಗ್ಗೆಯೇ ಕಳಿಸಿ ಆಯಿತು ಎಂದರು.

ಕಾರ್ಯದರ್ಶಿಯ ವಿನಯದ ದನಿ ಬದಲಾಗಲಿಲ್ಲ: "ವಾಪಸ್ ತರಿಸ್ಕೋಬಹುದು ಸರ್. ಇರಲಿ, ಮೇಡಂ ಹತ್ರನೇ ಮಾತಾಡ್ತೀನಿ. ಅವರಿಗೆ ಕಷ್ಟ ಸುಖ ಅರ್ಥ ಆಗತ್ತೆ."

ಸಾಹೇಬರು ಒಳಗೆ ಹೋಗುವಷ್ಟರಲ್ಲಿ ಹೆಂಡತಿಯ ಕೈಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಎತ್ತಬೇಡ ಎಂದರು. ಕಚೇರಿಯ ವಿಷಯವನ್ನು ಎಂದೂ ಮನೆಗೆ ತಾರದವರು ಅವತ್ತು ಹೊಳೆಯ ಕತೆಯನ್ನೆಲ್ಲ ಹೇಳಿದರು. ತನ್ನದೇ ಹಕ್ಕಾದರೂ ಭಿಕ್ಷೆಯಾಗಿ ಬಂದ ಈ ಪಟ್ಟಿ ಹೊತ್ತು ಆ ಹುಡುಗರ ತಾಯಂದಿರ ಎದುರು ನಿಲ್ಲಲಾರೆ, ನಾಳೆ ರಾಜೀನಾಮೆ ಕೊಡುತ್ತೇನೆ ಎಂದರು. ಫೋನು ನಿಂತು ಮತ್ತೆ ಬಡಿದುಕೊಳ್ಳತೊಡಗಿತು.

"ಆ ಹುಡುಗರಿಗೆ ಎಷ್ಟು ವಯಸ್ಸು?" ಆಕೆ ಕೇಳಿದರು.

"ಎಲ್ಲರೂ ನಮ್ಮ ಮಗನಿಗಿಂತ ಚಿಕ್ಕವರು."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಫೋನ್ ಎತ್ತಿದರು. ಕಾರ್ಯದರ್ಶಿಗೆ ಮಾತು ಶುರುಮಾಡಲು ಬಿಡಲಿಲ್ಲ. ತಾನು ಬಂದು ಬೇಡಿದ್ದೇ ತಪ್ಪಾಯಿತು, ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳಿ, ಯಜಮಾನರು ನಾಳೆ ರಾಜೀನಾಮೆ ಕೊಡುತ್ತಾರೆ ಎಂದು ಒಂದೇ ಉಸಿರಿಗೆ ಹೇಳಿದರು.

ಕಾರ್ಯದರ್ಶಿಗೆ ಸಿಟ್ಟೇನೂ ಬರಲಿಲ್ಲ.

"ಕೊಡಲಿ ಬಿಡಿ ಮೇಡಂ. ಅವರ ಜಾಗಕ್ಕೆ ಬರೋರ ಮನೆಯವರು ಆಗಲೇ ಬಂದು ಇಲ್ಲಿ ಕೂತಿದ್ದಾರೆ."